ಮೂರು ಕಣ್ಣಿನ ಬಾಡಿಗೆದಾರ

ಲೇಖಕಿ ತಂದುಕೊಟ್ಟ ವಿಜ್ಞಾನ ಕಥೆಯನ್ನು ಓದಿ ಮುಗಿಸುವಷ್ಟರಲ್ಲಿ ಸಂಪಾದಕರ ಕಣ್ಣು ತುಂಬಿ ಬಂದಿತ್ತು. ಕಥೆ ನಡೆಯುವುದು ಇಂದಿನಿಂದ ನಾನೂರು ವರ್ಷದ ಮೇಲೆ. ಬೇರೆ ಗ್ರಹದಿಂದ ಬಂದ ಮೂರು ಕಣ್ಣಿನ, ಹಸಿರು ಮೈಯವನೊಬ್ಬ ಬಾಡಿಗೆ ಮನೆ ಹುಡುಕುತ್ತ ಊರೆಲ್ಲ ಅಲೆಯುತ್ತಾನೆ, ಯಾರೂ ಕೊಡುವುದಿಲ್ಲ.

"ಪಾಪ, ಅವನು ತಿನ್ನೋದು ಬರೀ ಬಿಸಿಲು. ಅಂಥವನಿಗೂ ಮನೆ ಇಲ್ಲ ಅಂತಾರಲ್ಲ, ಎಂಥ ಜನ!" ಎಂದು ಸಂಪಾದಕರು ಕನ್ನಡಕ ಒರೆಸಿಕೊಂಡರು. "ಭವಿಷ್ಯ ಅಂತ ಹೇಳಿ ನಮ್ಮ ಬೀದೀನೇ ಬರೆದುಬಿಟ್ಟಿದ್ದೀರಮ್ಮ. ಮುಂದಿನ ವಾರವೇ ಹಾಕ್ತೀನಿ."

"ಥ್ಯಾಂಕ್ಸ್ ಸಾರ್. ನಿಮ್ಮ ಮನೆ ಮಹಡಿ ಖಾಲಿ ಇದೆಯಂತೆ. ನಾನೂ ದೀಪಾವಳಿಯಿಂದ ಮನೆ ಹುಡುಕ್ತಾ ಇದ್ದೀನಿ."

"ಅಯ್ಯೋ, ಅದಕ್ಕೇನಂತೆ, ಬನ್ನಿ! ಅಂದ ಹಾಗೆ... ಮೊಟ್ಟೆ ಗಿಟ್ಟೆ ಏನೂ ಇಲ್ಲ ತಾನೆ?"

"ಇಲ್ಲ ಸಾರ್, ಮೊಟ್ಟೆ ನಂಗೆ ಸೇರಲ್ಲ. ಮೀನು ಮಾತ್ರ ದಿನಾ ಬೇಕು."

ಸಂಪಾದಕರು ಕಥೆಯ ಹಾಳೆಗಳನ್ನು ಜೋಡಿಸಿ, ಪಿನ್ನು ಹಾಕಿದರು.

"ಒಂದು ಕೆಲಸ ಮಾಡಿ," ಎಂದರು ಮೆಲ್ಲಗೆ. "ಆ ಮೂರು ಕಣ್ಣಿನವನು ಸಿಕ್ಕಿದ್ರೆ ಕಳಿಸಿಕೊಡಿ."