ಹಳೇ ಲಿಂಕು

ಗಿರಾಕಿಗಳಿಗೆ ಮಾಡಿಕೊಟ್ಟಿದ್ದ ಹದಿನಾಲ್ಕು ವೆಬ್‌ಸೈಟುಗಳ ಹಳೆಯ ಕರಡುಗಳನ್ನು ಒಂದೇ ಏಟಿಗೆ ಅಳಿಸಿ, ಅನಿತ ನೆಮ್ಮದಿಯಾಗಿ ಟೀ ಲೋಟ ಕೈಗೆತ್ತಿಕೊಂಡಳು. ಮುಳಬಾಗಿಲಿನ ಮನೆಯ ಮಹಡಿ ಕೋಣೆಯೇ ಅವಳ ಆಫೀಸು. ಯಜಮಾನಿ, ಗುಮಾಸ್ತೆ, ಜವಾನ ಎಲ್ಲವೂ ಅವಳೇ. ಸರ್ವರಿನಲ್ಲಿ ಜಾಗ ತುಂಬಿ, ಕೋಲಾರದ ಕಲ್ಯಾಣ ಮಂಟಪದವರ ಹೊಸ ಫೋಟೋಗಳು ಹತ್ತುತ್ತಿರಲಿಲ್ಲ. ಮಂಟಪದವರು ಬೆಳಿಗ್ಗೆಯಿಂದ ಮೂರು ಸಲ ಫೋನ್ ಮಾಡಿ ಅವಳ ತಲೆ ತಿಂದಿದ್ದರು. ಅದಕ್ಕೇ ಈ ಗುಡಿಸುವ ಕೆಲಸ.

ಲೋಟ ಬಾಯಿಗೆ ಹೋಗುವ ಮೊದಲೇ ಮತ್ತೆ ಫೋನ್. ಈ ಸಲ ರಾಯಲ್ಪಾಡಿನ ಮಾವಿನ ನರ್ಸರಿಯ ಕೋದಂಡರಾಮಪ್ಪ.

"ಏಮಮ್ಮಾ ಅನಿತಮ್ಮ, ನಮ್ ನರ್ಸರಿ ಬಾಗ್ಲು ಹಾಕ್ಬುಟ್ಟಿದ್ದೀಯಲ್ಲ! ಒತ್ತಿದ್ರೆ ಬರೀ ಬಿಳೀದು ಬರ್ತೈತೆ."

ಅನಿತ ಅವರ ವೆಬ್‌ಸೈಟ್ ತೆರೆದು ನೋಡಿದಳು. ಬಾದಾಮಿ, ಮಲ್ಲಿಕಾ, ಬೇನಿಶಾ ಕಸಿ ಗಿಡಗಳೆಲ್ಲ ಸಾಲಾಗಿ ನಗುತ್ತಿದ್ದವು. "ಚೆನ್ನಾಗೇ ಬರ್ತಿದೆಯಲ್ಲ ಯಜಮಾನ್ರೇ. ಯಾವುದನ್ನ ಒತ್ತಿದ್ರಿ?"

"ಅದು ಶ್ರೀಧರಂದು, ಹೊಸದು. ಅದು ನಂಗೆ ಗೊತ್ತಿಲ್ವಾ? ನೀನು ಮೊದ್ಲು ಕಳಿಸಿದ್ದೆ ನೋಡು, ಏಳು ವರ್ಷದ ಕೆಳಗೆ, ಅದು."

ಅನಿತ ಟೀ ಲೋಟ ಕೆಳಗಿಟ್ಟಳು. ಯಾವುದೇ ವೆಬ್‌ಸೈಟ್ ಊರಿಗೆಲ್ಲ ಕಾಣುವ ಮೊದಲು ಅವಳು ಒಂದು ಕರಡು ಮಾಡಿ, 'ನೋಡಿ ಒಪ್ಪಿಗೆ ಹೇಳಿ' ಎಂದು ಅದರ ಲಿಂಕನ್ನು ಗಿರಾಕಿಗೆ ಕಳಿಸುತ್ತಾಳೆ. ಒಪ್ಪಿಗೆ ಸಿಕ್ಕ ಮೇಲೆ ಆ ಕರಡನ್ನು ಯಾರೂ ಕಣ್ಣೆತ್ತಿಯೂ ನೋಡುವುದಿಲ್ಲ. ನೋಡುವುದಿಲ್ಲ ಎಂದೇ ಅವಳು ನಂಬಿದ್ದಳು.

"ದಿನಾ ಬೆಳಿಗ್ಗೆ ಕಾಫಿ ಕುಡ್ಕೊಂಡು ಅದನ್ನೇ ನೋಡೋದಮ್ಮ ನಾನು," ಎಂದರು ಕೋದಂಡರಾಮಪ್ಪ. ಆಮೇಲೆ, "ಅವಳು ಅದ್ರಾಗೆ ಮಾತ್ರ ಇರೋದು," ಎಂದರು.

ಅದು ಅನಿತಳ ಮೊಟ್ಟಮೊದಲ ಕೆಲಸ. ಕೆಲಸ ಎಷ್ಟು ಬರುತ್ತಿತ್ತೋ ಅದಕ್ಕಿಂತ ಹೆಚ್ಚು ಭಯ ಇದ್ದ ಕಾಲ. ಕೋದಂಡರಾಮಪ್ಪನವರ ಮಗ ಶ್ರೀಧರ ಹೊಸ ಹುರುಪಿನಲ್ಲಿ ವೆಬ್‌ಸೈಟ್ ಬೇಕೆಂದು ಕರೆಸಿದ್ದ. ಅವನ ತಾಯಿ ಅನಸೂಯಮ್ಮ ಗಿಡದ ಚೀಲಗಳ ನಡುವೆ ಕುಕ್ಕರಗಾಲಲ್ಲಿ ಕೂತು ಕಸಿ ಕಟ್ಟುತ್ತಿದ್ದರು. ಕೈಯೆಲ್ಲ ಮಣ್ಣು, ಫೋಟೋ ಬೇಡ ಎಂದು ಸೆರಗು ಮುಚ್ಚಿಕೊಂಡು ನಕ್ಕಾಗಲೇ ಅನಿತ ಕ್ಲಿಕ್ಕಿಸಿದ್ದಳು. ಅಲ್ಲೇ ಲ್ಯಾಪ್‌ಟಾಪಿನಲ್ಲಿ ಫೋಟೋದ ಕೆಳಗೆ ಜಾಗ ತುಂಬಿಸಲು ಏನೋ ಅರ್ಥವಿಲ್ಲದ ಅಕ್ಷರ ಹಾಕಿದ್ದನ್ನು ಬಗ್ಗಿ ನೋಡಿದ ಅನಸೂಯಮ್ಮ, "ಇದೇನೇ ಹುಡುಗಿ, ಬಂದೋರ್ ಮುಂದೆ ಖಾಲಿ ತಟ್ಟೆ ಇಡ್ತೀಯಾ? ನಾನು ಹೇಳ್ತೀನಿ, ಬರ್ಕೋ," ಎಂದಿದ್ದರು: 'ಮೊದಲೆರಡು ವರ್ಷ ಬರೋ ಹೂವನ್ನ ಕಿತ್ತಾಕಿ. ಆಸೆ ಪಡಬೇಡಿ, ಗಿಡ ಇನ್ನೂ ಎಳೇದು. ಎಲೆ ಮುದುರಿದ್ರೆ ಹೆದರ್ಕೊಂಡು ಕಂಡ ಕಂಡ ಔಷಧಿ ಹೊಡೀಬೇಡಿ, ಬಂದು ನನ್ನ ಕೇಳಿ.' ಆಮೇಲೆ ಒಂದು ಚೊಂಬು ಮಜ್ಜಿಗೆ ಕುಡಿಸಿಯೇ ಕಳಿಸಿದ್ದರು. ಆ ಮಜ್ಜಿಗೆಯ ತಂಪು ಅನಿತಳಿಗೆ ಇವತ್ತಿಗೂ ನೆನಪಿದೆ. ಎಷ್ಟೋ ಗಿರಾಕಿಗಳು ಬಂದರು, ಹೋದರು. ಹಾಗೆ ಪಕ್ಕದಲ್ಲಿ ಕೂತು ಮಾತು ಬರೆಸಿದವರು ಮತ್ತೊಬ್ಬರಿಲ್ಲ.

ಎರಡು ವರ್ಷದ ಹಿಂದೆ ಅನಸೂಯಮ್ಮ ತೀರಿಕೊಂಡರು. ಹನ್ನೊಂದನೇ ದಿನದ ಕಾರ್ಯ ಮುಗಿದ ಮಾರನೆಯ ದಿನವೇ ಶ್ರೀಧರ ಫೋನ್ ಮಾಡಿ, "ಅಮ್ಮನ ಫೋಟೋ, ಆ ಮಾತು ಎರಡನ್ನೂ ತೆಗೆದ್ಬಿಡಿ ಮೇಡಂ. ವ್ಯಾಪಾರದ ಜಾಗದಲ್ಲಿ ಹೋದೋರ ಫೋಟೋ ಬೇಡ," ಎಂದಿದ್ದ. ಎಂಥಾ ಕಲ್ಲು ಮನಸ್ಸಪ್ಪಾ ಎಂದುಕೊಂಡೇ ಅವಳು ತೆಗೆದಿದ್ದಳು. ಹಳೇ ಕರಡನ್ನು ಮಾತ್ರ ಮುಟ್ಟಿರಲಿಲ್ಲ.

"ಸಂಜೆಯೊಳಗೆ ಸರಿಮಾಡ್ತೀನಿ ಯಜಮಾನ್ರೇ," ಎಂದು ಬಾಯಲ್ಲಿ ಹೇಳಿದಳೇ ಹೊರತು, ಹೇಗೆಂದು ಅವಳಿಗೇ ಗೊತ್ತಿರಲಿಲ್ಲ. ಕರಡುಗಳಿಗೆ ಬೇರೆ ಪ್ರತಿ ಇಟ್ಟವಳೇ ಅಲ್ಲ. ಉಳಿದಿದ್ದದ್ದು ಆಗ ಬಳಸುತ್ತಿದ್ದ, ಈಗ ಅಟ್ಟ ಸೇರಿದ್ದ ಹಳೇ ಲ್ಯಾಪ್‌ಟಾಪ್ ಒಂದೇ. ಅದು ಮೂರು ಸಲ ಕೊಸರಾಡಿ, ಫ್ಯಾನನ್ನು ಭರ್ರೆಂದು ತಿರುಗಿಸಿ, ನಾಲ್ಕನೇ ಸಲಕ್ಕೆ ಕಣ್ಣು ಬಿಟ್ಟಿತು. ಕಲ್ಯಾಣ ಮಂಟಪದವರ ನಾಲ್ಕನೇ ಫೋನನ್ನು ಅವಳು ಎತ್ತಲಿಲ್ಲ. ಒಂದೊಂದೇ ಫೋಲ್ಡರ್ ತೆಗೆಯುತ್ತಾ ಹೋದಳು. ಕೊನೆಗೆ ಅನಸೂಯಮ್ಮ ಸಿಕ್ಕರು, ಅದೇ ಸೆರಗು, ಅದೇ ನಗು. ಅನಿತಳಿಗೆ ಅಳು ಬಂತು, ತಡೆಯಲಿಲ್ಲ.

ಮಧ್ಯಾಹ್ನ ಮೂರಕ್ಕೆ ಕರಡು ಹಳೇ ಲಿಂಕಿನಲ್ಲೇ ಮತ್ತೆ ಕೂತಿತು. ಕೋದಂಡರಾಮಪ್ಪನವರಿಗೆ ಫೋನ್ ಮಾಡಿದಳು.

"ಬಂದ್ಲು, ಬಂದ್ಲು!" ಎಂದರು ಮುದುಕರು. ಆಮೇಲೆ, "ಚಲ್ಲಗಾ ಉಂಡಮ್ಮಾ, ತಣ್ಣಗಿರು," ಎಂದು ಹರಸಿದರು.

"ಶ್ರೀಧರ್ ಅವ್ರಿಗೂ ಒಂದು ಮಾತು ಹೇಳಿರ್ಲಾ?"

"ಬ್ಯಾಡ ಬ್ಯಾಡ. ಅವನು ಗಟ್ಟಿ ಆಸಾಮಿ, ಇಂಥದ್ದೆಲ್ಲ ಅವನಿಗೆ ಹಿಡ್ಸಲ್ಲ."

ಹತ್ತು ನಿಮಿಷ ಕಳೆದಿರಲಿಲ್ಲ, ಶ್ರೀಧರನದೇ ಫೋನ್. ಮಲ್ಲಿಕಾ ಗಿಡದ ಹೊಸ ಫೋಟೋ ಕಳಿಸುತ್ತೇನೆ ಎಂದ. ಮಳೆಯ ಮಾತಾಡಿದ. ಮಾತು ಮುಗಿದರೂ ಇಡಲಿಲ್ಲ.

"ಮೇಡಂ, ಆ ಹಳೇ ಲಿಂಕು... ಬೆಳಿಗ್ಗೆಯಿಂದ ಬರ್ತಿರ್ಲಿಲ್ಲ. ಈಗ ಬಂತು. ಅದನ್ನ ಮಾತ್ರ ಯಾವತ್ತೂ ತೆಗೀಬೇಡಿ."

"ನೀವೂ..." ಎನ್ನುತ್ತಿದ್ದಂತೆಯೇ ಅವನ ದನಿ ಪಿಸುಮಾತಿಗಿಳಿಯಿತು.

"ಅಪ್ಪ ಈ ಕಡೆನೇ ಬರ್ತಾವ್ರೆ, ಇಡ್ತೀನಿ."