ಅರೆನಿದ್ದೆಯ ಮೆಷಿನ್

"ಪೆನ್‌ಡ್ರೈವಿಗೆ ಕಾಪಿ ಆಯ್ತೇನೇ ಅಕ್ಕಾ?" ಹೊಸ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ತಂಗಿ ಕೇಳಿದಳು. ಕಸೂತಿ ಅಂಗಡಿಯ ಹಳೆಯ ಸಾಫ್ಟ್‌ವೇರ್ ಓಡುತ್ತಿದ್ದುದು ಅಕ್ಕ ಮೂರು ವರ್ಷ ಜೋಪಾನ ಮಾಡಿದ್ದ, ಕಂಪ್ಯೂಟರಿನೊಳಗೇ ಓಡುವ ಇನ್ನೊಂದು ಕಂಪ್ಯೂಟರಿನಂಥ ವರ್ಚುವಲ್ ಮೆಷಿನ್‌ನಲ್ಲಿ ಮಾತ್ರ. ಅದನ್ನು ತಂಗಿಗೂ ಕೊಡು ಎಂದು ಯಜಮಾನರು ಹೇಳಿದಾಗಿನಿಂದ ಅಕ್ಕನಿಗೆ ಹೊಟ್ಟೆ ಉರಿಯುತ್ತಿತ್ತು. ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದವಳಿಗೆ ಎಷ್ಟೊಂದು ಹೊಗಳಿಕೆ!

ಮೆಷಿನನ್ನು ಪೂರ್ತಿ ಶಟ್‌ಡೌನ್ ಮಾಡಿಯೇ ಕಾಪಿ ಮಾಡಬೇಕು. ಆರಿಸದೆ, ಕೆಲಸವನ್ನು ಅರ್ಧಕ್ಕೆ ತಡೆದಿಟ್ಟ ಅರೆನಿದ್ದೆಯಲ್ಲಿ ಒಯ್ದರೆ ಅದು ಬೇರೆ ಕಂಪ್ಯೂಟರಿನಲ್ಲಿ ಏಳುವುದಿಲ್ಲ. ಗೊತ್ತಿದ್ದೂ ಅಕ್ಕ ಹಾಗೆಯೇ ಪೆನ್‌ಡ್ರೈವಿಗೆ ತುಂಬಿ ಕೊಟ್ಟಳು.

ತಂಗಿಯ ಪರದೆಯ ಮೇಲೆ ಎರರ್ ಬಂತು. "ಏನಮ್ಮಾ, ಆಗ್ಲಿಲ್ವಾ?" ಯಜಮಾನರು ಬಾಗಿಲಲ್ಲಿ ನಿಂತು ಕೇಳಿದರು.

"ನಾನೇ ಏನೋ ಎಡವಟ್ಟು ಮಾಡ್ದೆ ಸಾರ್. ಅಕ್ಕನ ಕೆಲಸ ಯಾವತ್ತಾದ್ರೂ ತಪ್ಪತ್ತಾ?"

ಒಳ್ಳೆಯತನದಲ್ಲೂ ಇವಳೇ ಮೇಲಾಗಬೇಕೆ? ಅಕ್ಕ ದಡಕ್ಕನೆ ಎದ್ದಳು. "ಇಲ್ಲ ಸಾರ್, ತಪ್ಪು ನಂದು. ಬೇಕೂಂತಲೇ ಶಟ್‌ಡೌನ್ ಮಾಡದೆ ಕೊಟ್ಟೆ."