ಪುಟ ತಿರುಗಿಸುವ ಕೈ

ಮಾರ್ಚ್ ಹನ್ನೊಂದು, ಮಂಗಳವಾರ, ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ. ಡಯಾಲಿಸಿಸ್ ಕೋಣೆಯ ಮೂರನೇ ಹಾಸಿಗೆಯಲ್ಲಿ ಗಣಿತದ ಮೇಡಂ ಪತ್ತೇದಾರಿ ಕಥೆಯ ಪುಸ್ತಕವನ್ನು ತೆರೆದು ಹಿಡಿದು, ಓದದೆ ಮಲಗಿದ್ದರು. ಕಥೆಯಲ್ಲಿ, ಒಳಗಿನಿಂದ ಚಿಲಕ ಹಾಕಿದ ಕೋಣೆಯಲ್ಲಿ ಸಾಹುಕಾರನ ಹೆಣ. ಪತ್ತೇದಾರ ಎಲ್ಲರನ್ನೂ ಹಜಾರದಲ್ಲಿ ಕೂರಿಸಿ ಗಂಟಲು ಸರಿಮಾಡಿಕೊಂಡಿದ್ದ. ಇನ್ನೊಂದೇ ಹಾಳೆ ಬಾಕಿ. ಕಥೆ ಅಲ್ಲಿಗೆ ನಿಂತು ಒಂದು ವಾರವಾಗಿತ್ತು.

"ನಾನು ತಿರುಗಿಸ್ಲಾ ಮೇಡಂ?" ಎಂದಳು ನರ್ಸ್.

"ಬೇಡಮ್ಮಾ. ಅದು ಕಂಡಕ್ಟರ್ ಕೆಲಸ."

ಬಸ್ ಕಂಡಕ್ಟರ್ ಪಕ್ಕದ ಹಾಸಿಗೆಯವರು. ಮೇಡಂಗೆ ಎಡಗೈಗೆ ಸೂಜಿ, ಅವರಿಗೆ ಬಲಗೈಗೆ. ಮೇಡಂ ಬಲಗೈಯಲ್ಲಿ ಪುಸ್ತಕ ಹಿಡಿದು ಗಟ್ಟಿಯಾಗಿ ಓದುವುದು, ಅವರು ಎಡಗೈ ಚಾಚಿ "ರೈಟ್!" ಎನ್ನುತ್ತ ಪುಟ ತಿರುಗಿಸುವುದು, ಎರಡು ವರ್ಷದಿಂದ ಇದೇ ಏರ್ಪಾಡು. ಬೆರಳು ನಾಲಿಗೆಗೆ ಹೋದರೆ ಮೇಡಂ ಗದರುತ್ತಿದ್ದರು: "ಇದೇನು ನಿಮ್ಮ ಟಿಕೆಟ್ ಕಟ್ಟಾ? ಎಂಜಲು ಮಾಡ್ಬೇಡಿ!" ಕಥೆಯಲ್ಲೊಬ್ಬ ಡಾಕ್ಟರಿದ್ದರೆ ಸಾಕು, ಕಂಡಕ್ಟರರ ಅನುಮಾನ ಅವನ ಮೇಲೇ. "ಡಾಕ್ಟರ್‌ನ ನಂಬ್ಬಾರ್ದು ಮೇಡಂ, ನಾವು ನೋಡ್ತಿಲ್ವಾ?" ಎಂದು, ನರ್ಸಿಗೆ ಕೇಳಿಸುವಂತೆ.

ಕಳೆದ ಮಂಗಳವಾರ ಕೊನೆಯ ಹಾಳೆಗೆ ಬರುವಷ್ಟರಲ್ಲಿ ಹೊತ್ತು ಮುಗಿದು ಯಂತ್ರ ಕೂಗಿಕೊಂಡಿತು. ಅಂದು ಸಂಜೆಯೇ ಕಂಡಕ್ಟರಿಗೆ ಕರೆ ಬಂತು: ಹೊಂದುವ ಕಿಡ್ನಿ ಸಿಕ್ಕಿದೆ, ತಕ್ಷಣ ಹೊರಟು ಬನ್ನಿ.

ಮೇಡಂ ಮೊಬೈಲ್ ರಿಂಗಾಯಿತು. ಪುಸ್ತಕ ಮಡಿಲಿಗೆ ಜಾರಿತು.

"ಮೇಡಂ, ನಾನೇ! ಇವತ್ತು ಫೋನ್ ಕೈಗೆ ಕೊಟ್ರು. ಮೊದ್ಲು ಹೇಳಿ, ಕೊಂದಿದ್ದು ಯಾರು? ಡಾಕ್ಟರೇ ತಾನೆ?"

"ನಂಗೇನ್ ಗೊತ್ತು? ಇನ್ನೂ ಓದಿಲ್ಲ."

"ಅಯ್ಯೋ, ಯಾಕೆ?"

"ನೀವು ಬಂದ್ಮೇಲೆ ಓದೋಣ ಅಂತ."

ಆ ಕಡೆ ನಗು ಉಕ್ಕಿತು. ಹೊಲಿಗೆ ಎಳೆದು, ನಡುವೆಯೇ "ಅಮ್ಮಾ" ಎಂಬ ನರಳಾಟ. "ಇನ್ನು ಆ ಹಾಸಿಗೆಗೆ ನಾನು ಬರೋದಾ? ಬಿಡ್ತು ಅನ್ನಿ ಮೇಡಂ!"

ಮೇಡಂ ಪಕ್ಕಕ್ಕೆ ನೋಡಿದರು. ಹೊಸ ಚಾದರದ ಮೇಲೆ ಒಂದು ಸುಕ್ಕೂ ಇರಲಿಲ್ಲ.

"ಬಿಡ್ತು," ಎಂದರು. ಆಮೇಲೆ, ಕಿಡ್ನಿ ಕೈಕೊಟ್ಟ ಮೇಲೆ ತಮ್ಮ ದೇಹ ಮರೆತೇಬಿಟ್ಟಿದ್ದ ವಿಷಯವನ್ನು ಕೇಳಿದರು: "ಮೂತ್ರ ಎಷ್ಟು ಹೋಗ್ತಿದೆ?"

ಕಂಡಕ್ಟರ್ ದನಿ ತಗ್ಗಿಸಿದರು, ಲಾಟರಿ ಹೊಡೆದವರ ಹಾಗೆ.

"ನಿನ್ನೆ ಒಂದೇ ದಿನಕ್ಕೆ, ಎರಡು ಲೀಟರ್ ನಾನೂರು ಮಿಲಿ."